ಒಂದು ಹುಲ್ಲುಕಡ್ಡಿ ಮೊಲದ ಬಾಯಿಗೆ ಹೋದ ಮೇಲೆ!

ಉದ್ದನೆಯ ಒಣ ಹುಲ್ಲುಕಡ್ಡಿಯೊಂದನ್ನು ಸಾಕುಮೊಲದ ಮುಂದೆ ಹಿಡಿದು ನೋಡಿ. ತುದಿ ಬಾಯಿಗೆ ಸಿಕ್ಕಿದ್ದೇ ತಡ, ಕಡ್ಡಿ ಒಂದೇ ಸಮನೆ ಒಳಗೆ ಸರಿಯತೊಡಗುತ್ತದೆ! ಮುಂಗಾಲಿನಲ್ಲಿ ಹಿಡಿಯುವುದಿಲ್ಲ, ತಲೆ ಕೊಡವುವುದಿಲ್ಲ. ಮೂಗು, ಮೀಸೆ, ಕೆನ್ನೆಗಳಷ್ಟೇ ಅದುರುತ್ತಿರುತ್ತವೆ. ನಿಮಿಷಕ್ಕೆ 120 ಸಲದವರೆಗೂ ಆಡಬಲ್ಲ ದವಡೆ ಅದು. ಎಣಿಸಲು ಕೂತರೆ ನಮ್ಮ ಕಣ್ಣೇ ಸೋಲುತ್ತದೆ. ಇನ್ನೊಂದು ತಮಾಷೆ ಕೇಳಿ. ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಮೊಲಕ್ಕೆ ಬೆನ್ನ ಹಿಂದೆ ಬರುವ ಬೆಕ್ಕೂ ಕಾಣುತ್ತದೆ, ಆದರೆ ಮೂತಿಯ ಮುಂದೆಯೇ ಇರುವ ಆ ಕಡ್ಡಿ ಕಾಣುವುದಿಲ್ಲ! ತುಟಿ, ಮೀಸೆ, ಮೂಗುಗಳನ್ನೇ ನಂಬಿ ಅದು ಹುಲ್ಲನ್ನು ಆರಿಸುತ್ತದೆ, ಒಪ್ಪುತ್ತದೆ, ಬೇಡವಾದರೆ ಪಕ್ಕಕ್ಕೆ ತಳ್ಳುತ್ತದೆ.

ಮೊಲಕ್ಕೆ ಯಾವ ಒಣಹುಲ್ಲು ತರಬೇಕು? ಪ್ರಶ್ನೆ ಇಷ್ಟೇ. ಅಂಗಡಿಯವರನ್ನು ಕೇಳಿದರೆ ಟಿಮೊಥಿ, ಆಲ್ಫಾಲ್ಫಾ, ಓಟ್, ಫಸ್ಟ್ ಕಟ್, ಸೆಕೆಂಡ್ ಕಟ್ ಎಂದು ಐದಾರು ಪೊಟ್ಟಣ ಮುಂದಿಡುತ್ತಾರೆ. ಇದರ ಉತ್ತರಕ್ಕಾಗಿ ಡೈನೊಸಾರ್ ಸಗಣಿ, ಇಲಿ ಪಾಷಾಣ, ಅಮೆರಿಕದ ಅಧ್ಯಕ್ಷರ ಹೃದಯ, ಗಣೇಶನ ಪೂಜೆಯ ತಟ್ಟೆ ಇವಿಷ್ಟನ್ನೂ ಹಾದು ಬರಬೇಕಾಗುತ್ತದೆಂದು ಯಾರು ತಾನೇ ಎಣಿಸಿದ್ದರು!

ಮೊದಲು ಹಲ್ಲು. ಮೊಲಕ್ಕೆ ಒಟ್ಟು 28 ಹಲ್ಲು. ಅವುಗಳಲ್ಲಿ ಒಂದಾದರೂ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ನಮ್ಮ ಹಲ್ಲು ಒಮ್ಮೆ ಬಂದು ಬೇರು ಮುಚ್ಚಿಕೊಂಡಿತೆಂದರೆ ಮುಗಿಯಿತು, ಆಮೇಲೆ ಸವೆದದ್ದು ಸವೆಯಿತು. ಮೊಲದ ಹಲ್ಲಿನ ಬುಡ ಮಾತ್ರ ಸಾಯುವ ದಿನದವರೆಗೂ ತೆರೆದೇ ಇರುತ್ತದೆ, ಕೆಳಗಿನಿಂದ ಹೊಸದು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ವರ್ಷದ ಲೆಕ್ಕ ಹಾಕಿ: 10ರಿಂದ 12 ಸೆಂಟಿಮೀಟರ್! ಮೇಲಿನ ಎರಡು ಬಾಚಿಹಲ್ಲುಗಳ ಬೆನ್ನಿಗೆ ಇನ್ನೂ ಎರಡು ಪುಟಾಣಿ ಹಲ್ಲು ಅಡಗಿ ಕೂತಿರುತ್ತವೆ. ಇಲಿಗೂ ಅಳಿಲಿಗೂ ಇವು ಇಲ್ಲ. ಇಂಥ ವ್ಯತ್ಯಾಸಗಳನ್ನು ಮುಂದಿಟ್ಟುಕೊಂಡೇ ಅಮೆರಿಕದ ಜೇಮ್ಸ್ ಗಿಡ್ಲಿ 1912ರಲ್ಲಿ ಮೊಲಗಳನ್ನು ಇಲಿಗಳ ಸಂಸಾರದಿಂದ ಹೊರತಂದು ಬೇರೆ ಮನೆ ಹೂಡಿಸಿದರು. ಅಲ್ಲಿಯವರೆಗೆ ವಿಜ್ಞಾನಿಗಳ ಪುಸ್ತಕದಲ್ಲಿ ಮೊಲವೂ ಒಂದು ಬಗೆಯ ದಂಶಕವೇ ಆಗಿತ್ತು.

ಬೆಳೆಯುವ ಹಲ್ಲನ್ನು ಸವೆಸುವವರು ಯಾರು? ಬಾಚಿಹಲ್ಲುಗಳು ಒಂದನ್ನೊಂದು ಮಸೆದುಕೊಳ್ಳುತ್ತವೆ, ಸರಿ. ಆದರೆ ಹಿಂದಿರುವ 22 ದವಡೆಹಲ್ಲುಗಳಿಗೆ ಬೇರೆಯೇ ವ್ಯವಸ್ಥೆ. ಹುಲ್ಲು ಬಾಯಿಗೆ ಬಂದಾಗ ಮೊಲದ ಕೆಳದವಡೆ ಮೇಲೆ ಕೆಳಗೆ ಆಡುವುದಕ್ಕಿಂತ ಹೆಚ್ಚಾಗಿ ಎಡಕ್ಕೂ ಬಲಕ್ಕೂ ಜಾರುತ್ತದೆ. ರಾಗಿ ಬೀಸುವ ಕಲ್ಲಿನ ಹಾಗೆ, ಮೇಲಿನ ಸಾಲು ಕೆಳಗಿನ ಸಾಲನ್ನು ಉಜ್ಜುತ್ತದೆ. ಗಟ್ಟಿ ಪೆಲೆಟ್ ಅಥವಾ ಕ್ಯಾರೆಟ್ ಕೊಟ್ಟರೆ ಈ ಬೀಸುವ ಆಟ ಕಡಿಮೆಯಾಗಿ ಬರೀ ಜಜ್ಜುವ ಕೆಲಸ ನಡೆಯುತ್ತದೆ, ಅದೂ ಬೇಗನೆ ಮುಗಿದುಹೋಗುತ್ತದೆ. ಉದ್ದ ಹುಲ್ಲಾದರೆ ಗಂಟೆಗಟ್ಟಲೆ ಬೀಸಬೇಕು. ಬೀಸದ ಹಲ್ಲಿನ ಅಂಚು ಮುಳ್ಳಾಗಿ ನಾಲಗೆಗೆ ಚುಚ್ಚುತ್ತದೆ, ಕೆನ್ನೆ ಗೀರುತ್ತದೆ. ಬೇರು ತಲೆಬುರುಡೆಯ ಕಡೆಗೆ ಒತ್ತಿ ಕಣ್ಣೀರಿನ ನಾಳವನ್ನೇ ಮುಚ್ಚಿಬಿಡುವುದೂ ಉಂಟು! ಮೊಲದ ಕಣ್ಣಲ್ಲಿ ಸದಾ ನೀರು ಎಂದು ಕಣ್ಣಿನ ಹನಿ ಹಾಕುತ್ತಾ ಕೂರುತ್ತೇವೆ. ರೋಗದ ಮೂಲ ಬಾಯಿಯೊಳಗೆ, ಅದರ ಹಿಂದಿನ ಕಾರಣ ತಟ್ಟೆಯಲ್ಲಿ. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ ಸಾಕುಮೊಲಗಳ ಹಲ್ಲು ಮತ್ತು ಆಹಾರದ ಈ ನಂಟನ್ನು ವರ್ಷಗಟ್ಟಲೆ ಬೆನ್ನಟ್ಟಿದವರು.

ಹುಲ್ಲಿನಲ್ಲಿ ಹಲ್ಲು ಸವೆಸುವಂಥದ್ದು ಏನಿದೆ? ಗಾಜಿದೆ! ಹುಲ್ಲು ಮಣ್ಣಿನ ನೀರಿನ ಜೊತೆಗೆ ಕರಗಿದ ಸಿಲಿಕಾವನ್ನು ಹೀರಿಕೊಂಡು ತನ್ನ ಕೋಶಗಳೊಳಗೆ ಸೂಕ್ಷ್ಮವಾದ ಹರಳುಗಳನ್ನಾಗಿ ಕೂಡಿಡುತ್ತದೆ. ಮರಳಿನಲ್ಲಿರುವುದೂ ಸಿಲಿಕಾವೇ, ಕಿಟಕಿ ಗಾಜಿನಲ್ಲಿರುವುದೂ ಅದೇ. ಗರಿಯ ಅಂಚು ಕೈ ಸೀಳಿದಾಗ ನಮಗೆ ತಾಗುವುದು ಇದರ ಹರಿತವೇ. ಫೈಟೊಲಿತ್ ಎಂದು ಕರೆಸಿಕೊಳ್ಳುವ ಈ ಹರಳುಗಳಿಗೆ ಹುಲ್ಲಿನ ಜಾತಿಜಾತಿಗೂ ಬೇರೆ ಬೇರೆ ಆಕಾರ. ಹುಲ್ಲು ಕೊಳೆತರೂ ಇವು ಕೊಳೆಯುವುದಿಲ್ಲ, ಸುಟ್ಟರೂ ಬೂದಿಯಲ್ಲಿ ಉಳಿಯುತ್ತವೆ. ಎಷ್ಟು ಕಾಲ ಉಳಿಯುತ್ತವೆ?

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾ ಎಂಬ ಹಳ್ಳಿಗೆ ಬನ್ನಿ. ಅಲ್ಲಿನ ನೆಲದಲ್ಲಿ ಕಲ್ಲಾದ ಸಗಣಿಯುಂಡೆಗಳು ಸಿಗುತ್ತವೆ, ಡೈನೊಸಾರ್‌ಗಳದ್ದು! ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್, ಸ್ವೀಡನ್ನಿನ ಕ್ಯಾರೊಲಿನ್ ಸ್ಟ್ರೋಂಬೆರಿ, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಅವನ್ನು ಪುಡಿಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದು ಹುಲ್ಲಿನ ಗಾಜುಹರಳು. 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸುದ್ದಿ ಬಂತು. ಕನಿಷ್ಠ ಐದು ಬಗೆಯ ಹುಲ್ಲು, ಅದರಲ್ಲಿ ಭತ್ತದ ಬಳಗದ್ದೂ ಒಂದು! ಡೈನೊಸಾರ್‌ಗಳ ಕಾಲದಲ್ಲಿ ಹುಲ್ಲು ಇರಲೇ ಇಲ್ಲ ಎಂದು ಅಲ್ಲಿಯವರೆಗೆ ಪಾಠ ಹೇಳುತ್ತಿದ್ದವರೆಲ್ಲ ಪುಸ್ತಕ ತಿದ್ದಬೇಕಾಯಿತು. ಆರೂವರೆ ಕೋಟಿ ವರ್ಷಗಳ ಹಿಂದೆ, ಇದೇ ನೆಲದಲ್ಲಿ, ಮನೆಗಾತ್ರದ ಪ್ರಾಣಿಯೊಂದು ಹುಲ್ಲು ಮೇದು ಹೋಗಿದೆ.

ಇನ್ನೂ ಇದೆ, ಕೇಳಿ! ಗುಜರಾತಿನ ಸೂರತ್ ಹತ್ತಿರದ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಪಳೆಯುಳಿಕೆ ತಜ್ಞ ಕೆನೆತ್ ರೋಸ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳಿಗೆ ಪುಟ್ಟ ಪಾದದ ಮೂಳೆಗಳು ಸಿಕ್ಕವು. 2008ರಲ್ಲಿ ಪ್ರಕಟವಾದ ಅವರ ವರದಿ ಅವು ಮೊಲದ ಕುಲದವು ಎಂದಿತು. ವಯಸ್ಸು ಸುಮಾರು 5.3 ಕೋಟಿ ವರ್ಷ. ಆ ಹೊತ್ತಿಗೆ ಜಗತ್ತಿನಲ್ಲಿ ಗೊತ್ತಿದ್ದ ಯಾವ ಮೊಲದ ಪಳೆಯುಳಿಕೆಗಿಂತಲೂ ಹಳೆಯದು! ನಮ್ಮ ಮನೆಗಳಲ್ಲಿರುವ ಸಾಕುಮೊಲ ಸ್ಪೇನ್ ಪೋರ್ಚುಗಲ್ ಕಡೆಯ ಕಾಡುಮೊಲದ ಸಂತಾನ, ನಿಜ. ನಮ್ಮ ಹೊಲದ ಬದುಗಳಲ್ಲಿ ಚಂಗನೆ ನೆಗೆಯುವ ಕಾಡುಮೊಲಕ್ಕೂ ಅದಕ್ಕೂ ವರ್ಣತಂತುಗಳ ಸಂಖ್ಯೆಯೇ ಬೇರೆ, ಸಾಕುಮೊಲಕ್ಕೆ 44, ಇದಕ್ಕೆ 48. ಆದರೂ ಹುಲ್ಲಿನ ಅಷ್ಟು ಹಳೆಯ ಗುರುತೂ ಮೊಲದ ಕುಲದ ಅಷ್ಟು ಹಳೆಯ ಹೆಜ್ಜೆಯೂ ಇದೇ ದೇಶದ ಮಣ್ಣಲ್ಲಿ ಸಿಕ್ಕವೆಂದರೆ ಮೈ ಜುಮ್ಮೆನ್ನುವುದಿಲ್ಲವೆ?

ಹಲ್ಲು ದಾಟಿ ಹೊಟ್ಟೆಗೆ ಇಳಿದರೆ ಇನ್ನೊಂದು ಲೋಕ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಮುಂದಕ್ಕೆ ಸಾಗಿದ ಮೇಲೆ, ದೊಡ್ಡ ಕರುಳಿನ ಬಾಗಿಲಲ್ಲಿ ಒಂದು ಜರಡಿ ಕಾದಿದೆ! ಅರ್ಧ ಮಿಲಿಮೀಟರಿಗಿಂತ ದಪ್ಪನೆಯ ನಾರಿನ ಚೂರುಗಳೆಲ್ಲ ಸರಸರನೆ ಕೆಳಕ್ಕೆ ಹೋಗಿ, ನೀರು ಹಿಂಡಿಸಿಕೊಂಡು, ನಮಗೆಲ್ಲ ಪರಿಚಿತವಾದ ಗುಂಡುಗುಂಡು ಗಟ್ಟಿ ಹಿಕ್ಕೆಯಾಗುತ್ತವೆ. ಅದಕ್ಕಿಂತ ನುಣ್ಣಗಿನದನ್ನೂ ದ್ರವವನ್ನೂ ಕರುಳು ಉಲ್ಟಾ ಒತ್ತಿ ಹಿಂದಕ್ಕೆ ಕಳಿಸುತ್ತದೆ, ಸೀಕಮ್ ಎಂಬ ಕುರುಡು ಚೀಲಕ್ಕೆ. ಜಠರಕ್ಕಿಂತ ಹತ್ತು ಪಟ್ಟು ಹಿಡಿಸುವ ಚೀಲ ಅದು! ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುಳಿಹಿಡಿಸಿ ಪ್ರೋಟೀನು, ಬಿ ಗುಂಪಿನ ವಿಟಮಿನ್ನು, ಕೆ ವಿಟಮಿನ್ನುಗಳನ್ನು ತಯಾರಿಸುತ್ತವೆ. ತಯಾರಾದ ಸರಕು ಲೋಳೆ ಹೊದ್ದ ಮೃದುವಾದ ಗೊಂಚಲಾಗಿ ಹೊರಬರುತ್ತದೆ, ಮೊಲ ಬಗ್ಗಿ ನೇರವಾಗಿ ಬಾಯಿಗೇ ತೆಗೆದುಕೊಂಡು ನುಂಗುತ್ತದೆ. ಹಗಲಿನ ಗಲಾಟೆಯಲ್ಲಿ ನಮಗೆ ಅಷ್ಟಾಗಿ ಕಾಣದ ಈ ಸಂಗತಿಯನ್ನು ಫ್ರಾನ್ಸಿನ ಪಶುವೈದ್ಯ ಮೊರೊ 1882ರಲ್ಲಿ ವಿವರವಾಗಿ ಬರೆದಿಟ್ಟ. ಮೊದಲ ಸಲ ನೋಡಿದವರು ಮುಖ ಸಿಂಡರಿಸುತ್ತಾರೆ. ದನ ನಾಲ್ಕು ಕೋಣೆಯ ಹೊಟ್ಟೆ ಇಟ್ಟುಕೊಂಡು ಮೆಲುಕು ಹಾಕಿ ಸಾಧಿಸುವುದನ್ನು ಎರಡು ಕಿಲೋ ತೂಗುವ ಪ್ರಾಣಿಯೊಂದು ಹೀಗೆ ಅಡ್ಡದಾರಿಯಲ್ಲಿ ಸಾಧಿಸಿಕೊಂಡಿದೆಯಲ್ಲ, ಶಭಾಷ್ ಎನ್ನಬೇಕು!

ಈಗ ಕೌತುಕದ ತಿರುವು. ಆ ದಪ್ಪ ನಾರಿನಿಂದ ಮೊಲಕ್ಕೆ ಪೌಷ್ಟಿಕಾಂಶ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಅದು ಹಾಗೇ ಹೊರಬೀಳುತ್ತದೆ. ಆದರೆ ಅದು ಇಲ್ಲದಿದ್ದರೆ ಇಡೀ ಕರುಳು ನಿಂತುಹೋಗುತ್ತದೆ! ನಾರು ಒತ್ತುತ್ತಿದ್ದರೆ ಮಾತ್ರ ಕರುಳು ಅಲೆಯಲೆಯಾಗಿ ಚಲಿಸುತ್ತದೆ, ಜರಡಿ ಕೆಲಸ ಮಾಡುತ್ತದೆ, ಸೀಕಮ್ಮಿನ ಜೀವಿಗಳು ಹದದಲ್ಲಿರುತ್ತವೆ. ಹುಲ್ಲನ್ನು ನುಣ್ಣಗೆ ಪುಡಿಮಾಡಿ ಪೆಲೆಟ್ ಒತ್ತಿದರೆ ಪೊಟ್ಟಣದ ಮೇಲೆ ನಾರಿನ ಶೇಕಡಾವಾರು ಎಷ್ಟೇ ಚೆನ್ನಾಗಿ ಬರೆದಿರಲಿ, ಆ ಪುಡಿ ಜರಡಿಯಲ್ಲಿ ಹಿಂದಕ್ಕೇ ಹೋಗುತ್ತದೆ. ಉದ್ದವೇ ಇಲ್ಲಿ ಔಷಧ. ಅಂಗಡಿಯಲ್ಲಿ ನೀವು ಹುಲ್ಲಿನ ಪೊಟ್ಟಣ ಎತ್ತಿಕೊಂಡಾಗ ಹೆಸರಿಗಿಂತ ಮೊದಲು ನೋಡಬೇಕಾದ್ದು ಕಡ್ಡಿಯ ಉದ್ದವನ್ನು.

ಎಡಿನ್‌ಬರೊದ ಪಶುವೈದ್ಯರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 32 ಡಚ್ ಮೊಲಗಳು, ನಾಲ್ಕು ಗುಂಪು, 17 ತಿಂಗಳು. ಒಂದು ಗುಂಪಿಗೆ ಬರೀ ಒಣಹುಲ್ಲು, ಇನ್ನೊಂದಕ್ಕೆ ಒಣಹುಲ್ಲಿನ ಜೊತೆ ಸ್ವಲ್ಪ ಪೆಲೆಟ್, ಮೂರನೆಯದಕ್ಕೆ ಒಣಹುಲ್ಲಿನ ಜೊತೆ ಬಣ್ಣಬಣ್ಣದ ಕಾಳುಗಳ ಮಿಶ್ರಣ, ನಾಲ್ಕನೆಯದಕ್ಕೆ ಬರೀ ಆ ಮಿಶ್ರಣ. ಮಿಶ್ರಣ ತಿಂದವು ರುಚಿರುಚಿಯಾದ್ದನ್ನು ಹೆಕ್ಕಿ ಉಳಿದದ್ದನ್ನು ಬಿಟ್ಟವು, ಜೊತೆಗೆ ಇಟ್ಟ ಹುಲ್ಲನ್ನೂ ಕಡಿಮೆ ಮುಟ್ಟಿದವು, ನೀರು ಕಡಿಮೆ ಕುಡಿದವು. ಬರೀ ಮಿಶ್ರಣದ ಗುಂಪಿನಲ್ಲಿ ಹಲ್ಲುಗಳು ಉದ್ದವಾಗಿ ಬಾಗತೊಡಗಿದವು! ಅಂಗಡಿಗಳಲ್ಲಿ ಇಂದಿಗೂ 'ರ‍್ಯಾಬಿಟ್ ಫುಡ್' ಎಂದು ಕಣ್ಣು ಕುಕ್ಕುವಂತೆ ಜೋಡಿಸಿಡುವುದು ಇಂಥ ಮಿಶ್ರಣವನ್ನೇ. ಕ್ಯಾರೆಟ್ಟಿನ ಕಥೆಯೂ ಇಂಥದ್ದೇ. ಕಾರ್ಟೂನಿನ ಮೊಲ ಬಗ್ಸ್ ಬನ್ನಿ ಕ್ಯಾರೆಟ್ ಕಡಿಯುತ್ತಾ ನಿಂತ ಭಂಗಿಗೆ ಸ್ಫೂರ್ತಿ 1934ರ ಸಿನಿಮಾವೊಂದರಲ್ಲಿ ಕ್ಲಾರ್ಕ್ ಗೇಬಲ್ ಕ್ಯಾರೆಟ್ ತಿನ್ನುತ್ತಾ ಮಾತಾಡಿದ ದೃಶ್ಯ. ನಟನೊಬ್ಬನ ಹಾವಭಾವ ಕಾರ್ಟೂನಿಗೆ ಬಂತು, ಕಾರ್ಟೂನಿನಿಂದ ಲೋಕದ ಮೊಲಗಳ ಹಣೆಬರಹವಾಯಿತು!

ಈಗ ಟಿಮೊಥಿ. ಬೆಂಗಳೂರಿನಲ್ಲಿ ಮೊಲ ಸಾಕುವವರ ಬಾಯಲ್ಲಿ ಮಂತ್ರದ ಹಾಗೆ ಓಡಾಡುವ ಹೆಸರು. ಯುರೋಪಿನ ಈ ಹುಲ್ಲು ವಸಾಹತುಗಾರರ ಜೊತೆ ಅಟ್ಲಾಂಟಿಕ್ ದಾಟಿತು. 1711ರ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರಿನಲ್ಲಿ ಜಾನ್ ಹರ್ಡ್ ಎಂಬಾತ ಅದು ಬೆಳೆದಿರುವುದನ್ನು ಕಂಡು ಬೆಳೆಸತೊಡಗಿದನಂತೆ. ಹಾಗಾಗಿ ಅದು ಹರ್ಡ್‌ನ ಹುಲ್ಲು. 1720ರ ಸುಮಾರಿಗೆ ಟಿಮೊಥಿ ಹ್ಯಾನ್ಸನ್ ಎಂಬ ರೈತ ಬೀಜವನ್ನು ದಕ್ಷಿಣದ ವಸಾಹತುಗಳಿಗೆ ಒಯ್ದು ಹಬ್ಬಿಸಿದ. ಅಲ್ಲಿ ಅದು ಟಿಮೊಥಿ. ಎರಡೂ ಒಂದೇ ಎಂಬುದು ಜನಕ್ಕೆ ಗೊತ್ತಿರಲಿಲ್ಲ. 1747ರಲ್ಲಿ ಹರ್ಡ್ ಹುಲ್ಲಿನ ಬೀಜ ತರಿಸಿಕೊಂಡು ಬಿತ್ತಿದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಎದ್ದು ಬಂದದ್ದು ಟಿಮೊಥಿಯೇ ಎಂದು ತಿಳಿಯಿತು, ಗೆಳೆಯ ಜೇರೆಡ್ ಎಲಿಯಟ್‌ಗೆ ಕಾಗದ ಬರೆದ. ಮಿಂಚಿಗೆ ಗಾಳಿಪಟ ಹಾರಿಸುವ ಮುಂಚೆ ಆ ಮಹಾಶಯ ಹುಲ್ಲಿನ ಬೀಜದ ತಲೆಬಿಸಿಯಲ್ಲಿದ್ದ! ಇಂದು ವಾಷಿಂಗ್ಟನ್ ರಾಜ್ಯದ ಕಿಟಿಟಾಸ್ ಕಣಿವೆಯಲ್ಲಿ ಕ್ಯಾಸ್ಕೇಡ್ ಬೆಟ್ಟಗಳ ಹಿಮದ ನೀರು ಕುಡಿದು ಬೆಳೆಯುವ ಟಿಮೊಥಿ, ಒತ್ತಿ ಕಟ್ಟಿಸಿಕೊಂಡು ಹಡಗೇರಿ ಜಪಾನಿನ ಹಸುಗಳಿಗೂ ಪಂದ್ಯದ ಕುದುರೆಗಳಿಗೂ ಹೋಗುತ್ತದೆ.

ಅದರ ಗುಣವೇನು? ಪ್ರೋಟೀನು ಸುಮಾರು 7ರಿಂದ 11 ಶೇಕಡಾ, ನಾರು 30ರ ಮೇಲೆ, ಸುಣ್ಣದ ಅಂಶ ಕಡಿಮೆ. ಬೆಳೆದ ಮೊಲಕ್ಕೆ ಬೇಕಾದ್ದು ಸರಿಯಾಗಿ ಇಷ್ಟೇ. ಫಸ್ಟ್ ಕಟ್ ಎಂದರೆ ಹಂಗಾಮಿನ ಮೊದಲ ಕೊಯ್ಲು: ಕಾಂಡ ಜಾಸ್ತಿ, ತೆನೆ ಜಾಸ್ತಿ, ಒರಟು. ಸೆಕೆಂಡ್ ಕಟ್ಟಿನಲ್ಲಿ ಎಲೆ ಹೆಚ್ಚು, ಹಸಿರು ಹೆಚ್ಚು. ಮೂರನೆಯದು ಮೆತ್ತಗೆ, ಮೊಲಗಳಿಗೆ ಪಂಚಪ್ರಾಣ, ಆದರೆ ಹಲ್ಲಿಗೆ ಕೆಲಸ ಕಡಿಮೆ. ನನ್ನ ಮತ ಕೇಳಿದರೆ ಆರೋಗ್ಯವಾಗಿರುವ ಮೊಲಕ್ಕೆ ಎರಡನೆಯದು, ದಪ್ಪಗಾಗುತ್ತಿರುವುದಕ್ಕೆ ಮೊದಲನೆಯದು, ಹಲ್ಲು ನೋಯುವ ಮುದಿಮೊಲಕ್ಕೆ ಮೂರನೆಯದು. ಸಾಕುವವರಿಗೇ ಟಿಮೊಥಿಯಿಂದ ಸೀನು ಬಂದರೆ? ಅದಕ್ಕೂ ಇತಿಹಾಸವಿದೆ! 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಲೆನಾರ್ಡ್ ನೂನ್ ಎಂಬ ವೈದ್ಯ ಹುಲ್ಲುಜ್ವರದವರಿಗೆ ಟಿಮೊಥಿ ಪರಾಗದ ಸಾರವನ್ನೇ ಸ್ವಲ್ಪಸ್ವಲ್ಪವಾಗಿ ಚುಚ್ಚಿ ಅಲರ್ಜಿಯನ್ನು ಪಳಗಿಸಲು ಹೊರಟ. ಇವತ್ತಿನ ಅಲರ್ಜಿ ಚುಚ್ಚುಮದ್ದುಗಳ ವಂಶಾವಳಿ ಅಲ್ಲಿಂದಲೇ. ಚುಚ್ಚಿಸಿಕೊಳ್ಳುವ ತಾಪತ್ರಯ ಬೇಡವೆನ್ನುವವರು ಆರ್ಚರ್ಡ್ ಎಂಬ ಇನ್ನೊಂದು ಹುಲ್ಲನ್ನು ಪ್ರಯತ್ನಿಸಬಹುದು, ಮೊಲಕ್ಕೇನೂ ನಷ್ಟವಿಲ್ಲ.

ಆಲ್ಫಾಲ್ಫಾ ಎಂದರೆ ಬೇರೇನಲ್ಲ, ನಮ್ಮ ರೈತರ ಕುದುರೆ ಮಸಾಲೆ ಸೊಪ್ಪು. ಇದು ಹುಲ್ಲೇ ಅಲ್ಲ, ಅವರೆ ತೊಗರಿಗಳ ಬಳಗದ ದ್ವಿದಳ. ಪ್ರೋಟೀನು ಟಿಮೊಥಿಯ ಎರಡರಷ್ಟು, ಕ್ಯಾಲ್ಸಿಯಂ ಎರಡು ಮೂರು ಪಟ್ಟು. ಆರು ತಿಂಗಳೊಳಗಿನ ಮರಿಗೆ, ಬಸುರಿ ಬಾಣಂತಿ ಮೊಲಕ್ಕೆ ಅಮೃತ. ಬೆಳೆದ ಮೊಲಕ್ಕೆ ಯಾಕೆ ಬೇಡ? ಇಲ್ಲಿ ಮತ್ತೊಂದು ವಿಚಿತ್ರ! ನಮ್ಮ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಮೊಲದ ಕರುಳು ಸಿಕ್ಕಿದ್ದನ್ನೆಲ್ಲ ಹೀರುತ್ತದೆ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕಬೇಕು. ಹೆಚ್ಚಿನ ಸಸ್ತನಿಗಳಲ್ಲಿ ಶೇಕಡಾ 2ಕ್ಕಿಂತ ಕಡಿಮೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋದರೆ, ಮೊಲದಲ್ಲಿ 45ರಿಂದ 60! ಮೊಲದ ಮೂತ್ರ ಒಣಗಿದಲ್ಲಿ ಬಿಳಿ ಸುಣ್ಣದ ಕಲೆ ಉಳಿಯುವುದು ಇದಕ್ಕೇ. ವರ್ಷಾನುಗಟ್ಟಲೆ ಕುದುರೆ ಮಸಾಲೆ ತಿನ್ನಿಸಿದರೆ ಮೂತ್ರಕೋಶದಲ್ಲಿ ಕೆಸರು ಕಟ್ಟಬಹುದು, ಕಲ್ಲೂ ಆಗಬಹುದು, ಮೊದಲಾಗಿ ಮೊಲ ಉಬ್ಬುತ್ತದೆ. ಓಟ್ ಹುಲ್ಲಿನ ವಿಷಯ ಚಿಕ್ಕದು: ತೆನೆ ಹಾಲುಗಟ್ಟುವ ಮುಂಚೆ ಕೊಯ್ದದ್ದಾದರೆ ಒಳ್ಳೆಯದು, ಕಾಳು ತುಂಬಿದ್ದರೆ ಬೇಡ.

ಇನ್ನು ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. ಅಮೆರಿಕದ ಮೊಲದ ವೈದ್ಯರು ಒಪ್ಪುವ ಒಣಹುಲ್ಲುಗಳ ಪಟ್ಟಿಯಲ್ಲಿ ಬರ್ಮುಡಾ ಎಂಬ ಹೆಸರಿದೆ. ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅದು ಯಾವುದು ಗೊತ್ತೆ? ಗರಿಕೆ! ಚೌತಿಯ ದಿನ 21 ಎಸಳು ಎಣಿಸಿ ಗಣೇಶನಿಗೆ ಏರಿಸುವ, ಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರಿ ರೈತನನ್ನು ಸತಾಯಿಸುವ ಅದೇ ಗರಿಕೆ! ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಇದನ್ನೇ ಹಿಡಿದು ಕೂತು, ದಕ್ಷಿಣ ಆಫ್ರಿಕಾದ ಗರಿಕೆಯ ಜೊತೆ ಬೆರೆಸಿ, 1943ರಲ್ಲಿ 'ಕೋಸ್ಟಲ್' ಎಂಬ ಎತ್ತರದ ಒಣಹುಲ್ಲಿನ ತಳಿ ಹೊರತಂದ. ಅಮೆರಿಕದ ದಕ್ಷಿಣದ ಹೊಲಗಳೆಲ್ಲ ಅದರಿಂದ ಹಸಿರಾದವು. ಇದೇ ಬರ್ಟನ್ ಸಜ್ಜೆಯ ಮೇಲೂ ಕೆಲಸ ಮಾಡಿದ. ಅವನ ಟಿಫ್ಟ್ 23ಎ ಎಂಬ ತಳಿಯನ್ನು ತಾಯಿಯಾಗಿ ಬಳಸಿ 1965ರಲ್ಲಿ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಹುಟ್ಟಿತು! ಕೊಪ್ಪಳ ರಾಯಚೂರಿನ ಸಜ್ಜೆ ರೊಟ್ಟಿಗೂ ಅಮೆರಿಕದ ಮೊಲದ ಮೇವಿಗೂ ಹೀಗೊಂದು ಗುಪ್ತ ನಂಟು ಇದ್ದೀತೆಂದು ಕನಸಿನಲ್ಲೂ ಬಾರದು.

ಟಿಮೊಥಿ ನಮ್ಮ ಬಯಲುಸೀಮೆಯಲ್ಲಿ ಏಕೆ ಏಳುವುದಿಲ್ಲ? ಅದು ತಂಪು ನಾಡಿನದು. ಗರಿಕೆ ಬಿಸಿಲಿನ ಮಗು. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನಲ್ಲಿ ವಿವರಿಸಿದ ಸಿ-4 ಎಂಬ ಉಪಾಯ ಗರಿಕೆಗೂ ಗೊತ್ತು: ಇಂಗಾಲಾಮ್ಲವನ್ನು ಮೊದಲೇ ಹಿಡಿದು ಒತ್ತೊತ್ತಾಗಿ ಕೂಡಿಟ್ಟುಕೊಂಡು, ಸುಡು ಬಿಸಿಲಲ್ಲೂ ಕಡಿಮೆ ನೀರಲ್ಲೂ ಬೆಳೆಯುವ ವಿದ್ಯೆ. ನಾರಿನಲ್ಲಿ ಒಣ ಗರಿಕೆ ಟಿಮೊಥಿಗೆ ಹೆಚ್ಚುಕಡಿಮೆ ಸಮ. ರೋಡ್ಸ್ ಹುಲ್ಲು, ಗಿನಿ ಹುಲ್ಲು, ಅಂಜನ ಇವೂ ಬಿಸಿನಾಡಿನ ಹುಲ್ಲುಗಳೇ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ನಮ್ಮ ಧಾರವಾಡದಲ್ಲೇ ಇದೆ. ಹಡಗೇರಿ ಬಂದ ಪೊಟ್ಟಣ ಕೈಗೆ ಎಟುಕದವರು ಅಪರಾಧಿಗಳಂತೆ ಕೊರಗಬೇಕಿಲ್ಲ. ಆದರೆ ರಸ್ತೆಬದಿಯ ಗರಿಕೆ ಬೇಡ, ಪಾರ್ಕಿನದು ಬೇಡ. ಹೊಗೆ, ನಾಯಿಗಳ ಉಚ್ಚೆ, ಕಳೆನಾಶಕ ಯಾವುದು ಬಿದ್ದಿದೆಯೋ ಬಲ್ಲವರಾರು. ಲಾನ್ ಕತ್ತರಿಸುವ ಯಂತ್ರದ ತುಣುಕಂತೂ ಕೂಡದು, ಅದು ಗಂಟೆಗಳಲ್ಲೇ ಬಿಸಿಯೇರಿ ಹುದುಗುತ್ತದೆ. ಔಷಧಿ ಹೊಡೆಯದ ತೋಟದಿಂದ ತನ್ನಿ, ಹೊಸ ಹುಲ್ಲಾದರೆ ದಿನದಿನಕ್ಕೆ ಸ್ವಲ್ಪವೇ ಹೆಚ್ಚಿಸಿ.

ಹಾಗಾದರೆ ಮನೆಯ ಹಿತ್ತಲಲ್ಲೇ ಇರುವ ಬಣವೆಯ ರಾಗಿ ಹುಲ್ಲು, ಭತ್ತದ ಹುಲ್ಲು? ಕಾಳು ಬಲಿತ ಮೇಲೆ ಉಳಿಯುವ ಕಡ್ಡಿ ಅದು. ಗಿಡ ತನ್ನಲ್ಲಿದ್ದ ಸಾರವನ್ನೆಲ್ಲ ತೆನೆಗೆ ಸಾಗಿಸಿ ಕೈತೊಳೆದುಕೊಂಡಿರುತ್ತದೆ. ಮೊಲಕ್ಕೆ ಬೇಕಾದ ಒಣಹುಲ್ಲಾದರೋ ತೆನೆ ಬಲಿಯುವ ಮುಂಚೆ, ಸಾರ ಇನ್ನೂ ಎಲೆ ಕಾಂಡಗಳಲ್ಲಿರುವಾಗಲೇ ಕೊಯ್ದು ಒಣಗಿಸಿದ್ದು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೇಲು ಎಂದು ದನ ಕಟ್ಟಿದವರೆಲ್ಲ ಬಲ್ಲರು; ಮೊಲ ಒಂದಿಷ್ಟು ಅಗಿದರೆ ಹಾನಿಯಿಲ್ಲ. ಅದನ್ನೇ ಊಟವಾಗಿಸಿದರೆ ಸೊರಗುತ್ತದೆ. ಹಾಸಿಗೆಗೆ ಹಾಕಿ, ಚೆನ್ನಾಗಿರುತ್ತದೆ.

ಒಳ್ಳೆಯ ಒಣಹುಲ್ಲನ್ನು ಮೂಗು ಪತ್ತೆಹಚ್ಚುತ್ತದೆ. ಹಸಿ ಹುಲ್ಲಿನಲ್ಲಿ ನೀರು ಶೇಕಡಾ 70-80. ಒಣಗಿ 15ರ ಕೆಳಗಿಳಿದಾಗ ಆ ಸಿಹಿ ಪರಿಮಳ ಏಳುತ್ತದೆ. ಅದಕ್ಕೆ ಕಾರಣವಾದ ವಸ್ತುಗಳಲ್ಲಿ ಕೂಮರಿನ್ ಒಂದು. ವಿಲಿಯಂ ಪರ್ಕಿನ್ 1868ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ, 1882ರಲ್ಲಿ ಪ್ಯಾರಿಸ್ಸಿನ ಊಬಿಗಾಂ ಕಂಪನಿ ಅದನ್ನು ಸೇರಿಸಿ 'ಫೂಜೇರ್ ರಯಾಲ್' ಎಂಬ ಸುಗಂಧ ಮಾಡಿತು. ಶ್ರೀಮಂತರು ಮೈಗೆ ಹಚ್ಚಿಕೊಂಡದ್ದು ಒಣಹುಲ್ಲಿನ ವಾಸನೆಯನ್ನೇ!

ಅದೇ ಕೂಮರಿನ್‌ಗೆ ಬೂಷ್ಟು ತಗುಲಿದರೆ? 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿಸಿ ಸಾಯತೊಡಗಿದವು. ಮಳೆಗೆ ನೆನೆದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಕಂಡುಹಿಡಿದರು. 1933ರ ಫೆಬ್ರುವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕರು, ಆ ಹಾಳು ಮೇವು, ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಬಾಗಿಲಿಗೆ ಬಂದ. ವರ್ಷಗಳ ದುಡಿಮೆಯ ನಂತರ ಬೂಷ್ಟು ತಯಾರಿಸಿದ ವಿಷ ಹರಳಾಗಿ ಕೈಗೆ ಬಂತು: ಡೈಕೂಮರಾಲ್. ಅದರ ತಮ್ಮನೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣ. 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್‌ಗೆ ರಕ್ತ ತಿಳಿಯಾಗಿಡುವ ಔಷಧಿ! ಈಗಲೂ ಹೃದಯದ ರೋಗಿಗಳು ನುಂಗುತ್ತಿರುವ ಮಾತ್ರೆ ಕೊಳೆತ ಮೇವಿನ ಮೊಮ್ಮಗ.

ಮೊಲದ ಹುಲ್ಲಿನಲ್ಲಿ ಸ್ವೀಟ್ ಕ್ಲೋವರ್ ಇರಲಿಕ್ಕಿಲ್ಲ. ಆದರೂ ಬೂಷ್ಟು ಯಾವ ಹುಲ್ಲಿನಲ್ಲಿದ್ದರೂ ವಿಷವೇ, ಮೊಲದ ಶ್ವಾಸಕೋಶಕ್ಕೂ ಕರುಳಿಗೂ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಎಷ್ಟು ಎಚ್ಚರವಾಗಿದ್ದರೂ ಸಾಲದು. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಬೆವರುತ್ತದೆ. ಬಟ್ಟೆಚೀಲ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ, ನೆಲದಿಂದ ಮೇಲೆ, ಗಾಳಿಯಾಡುವ ಅಟ್ಟದಲ್ಲಿ ಇಡಿ. ಹಳ್ಳಿಯ ಹಿರಿಯರು ಹುಲ್ಲನ್ನು ಅಟ್ಟಕ್ಕೆ ಏರಿಸುತ್ತಿದ್ದುದು ಸುಮ್ಮನೆ ಅಲ್ಲ.

ಈಗ ಅಂಗಡಿಗೆ ಹೋಗಿ. ಪೊಟ್ಟಣ ಪಾರದರ್ಶಕವಾಗಿರಲಿ. ಬಣ್ಣ ಹಸಿರು ಅಥವಾ ತಿಳಿ ಹಸಿರು ಇರಲಿ. ಹಳದಿ ತಿರುಗಿದ್ದರೆ ಬಿಸಿಲಲ್ಲಿ ಹೆಚ್ಚು ಬಿದ್ದಿತ್ತು ಎಂದರ್ಥ, ತಿನ್ನಬಹುದು. ಕಂದು ಕಪ್ಪಾಗಿದ್ದರೆ ಬಿಟ್ಟುಬಿಡಿ. ಕಡ್ಡಿಗಳು ಕೈಬೆರಳಿಗಿಂತ ಉದ್ದವಿರಲಿ. ಅಲುಗಿಸಿದರೆ ತಳದಲ್ಲಿ ಧೂಳು ಕೂರಬಾರದು. ಮನೆಗೆ ತಂದು ಬಿಚ್ಚಿ ಮೂಸಿ: ಸಿಹಿ ವಾಸನೆ ಬರಬೇಕು, ಮುಗ್ಗಲು ಬಂದರೆ ಹಣ ಹೋಯಿತೆಂದು ಚಿಂತಿಸದೆ ಎಸೆಯಿರಿ. ದಿನಕ್ಕೆ ಮೊಲದ ಮೈಗಾತ್ರದಷ್ಟು ರಾಶಿ, ಊಟದ ಶೇಕಡಾ 80ಕ್ಕಿಂತ ಹೆಚ್ಚು ಇದೇ ಆಗಿರಲಿ. ಪೆಲೆಟ್ ಚಿಟಿಕೆಯಷ್ಟು ಮಾತ್ರ, ಕ್ಯಾರೆಟ್ ಹಬ್ಬಕ್ಕೆ, ನೀರು ಸದಾ. ಹುಲ್ಲನ್ನು ಅದು ಮಲವಿಸರ್ಜಿಸುವ ಮೂಲೆಯ ಪಕ್ಕದಲ್ಲೇ ಇಡಿ, ತಿನ್ನುತ್ತಲೇ ಹಿಕ್ಕೆ ಹಾಕುವುದು ಅದರ ಸ್ವಭಾವ. ಹಿಕ್ಕೆ ದಪ್ಪಗೆ, ದುಂಡಗೆ, ಒಡೆದರೆ ಒಳಗೆ ನಾರು ಕಾಣುವಂತಿದ್ದರೆ ನೀವು ಆರಿಸಿದ ಹುಲ್ಲು ಸರಿಯಾಗಿದೆ. ಹಿಕ್ಕೆ ಸಣ್ಣದಾಗುತ್ತಾ ಬಂದರೆ ಕಣ್ಣಿಡಿ. ಹನ್ನೆರಡು ಗಂಟೆ ಹುಲ್ಲು ಮುಟ್ಟಲಿಲ್ಲ, ಹಿಕ್ಕೆಯೂ ಬೀಳಲಿಲ್ಲ ಎಂದಾದರೆ ಬೆಳಗಾಗಲಿ ಎಂದು ಕಾಯಬೇಡಿ, ಮೊಲಗಳನ್ನು ನೋಡಿ ಬಲ್ಲ ಪಶುವೈದ್ಯರ ಬಳಿಗೆ ಕೂಡಲೇ ಒಯ್ಯಿರಿ.